ಸ್ನಾನ ಮಾಡದೆ ಒಳಗೆ ಬಂದವಳು

ಆವತಿ
10 ನವೆಂಬರ್ 2024

ಪ್ರೀತಿಯ ವಾಣಿಗೆ ಅರ್ಪಿತಳ ಆಶೀರ್ವಾದ.

ಈ ಕಾಲದಲ್ಲಿ ಅತ್ತಿಗೆ ನಾದಿನಿಗೆ ಕಾಗದ ಬರೆಯುತ್ತಾಳೆ ಅಂತ ನಗಬೇಡ. ಬಾಣಂತಿ ಫೋನ್ ನೋಡಿದರೆ ಕಣ್ಣು ಹೋಗುತ್ತದೆ ಅಂತ ನಿಮ್ಮಮ್ಮ ನನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ನಿಮ್ಮಣ್ಣನ ಫೋನಿನಿಂದ ಮಾಡೋಣ ಅಂದರೆ ವಸಂತ್ ಅಂತ ಹೆಸರು ಕಂಡ ಕೂಡಲೇ ನೀನು ಕಟ್ ಮಾಡುತ್ತೀಯ. ಉಳಿದದ್ದು ಇದೊಂದೇ ದಾರಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸುತ್ತ ಸಾಂಬ್ರಾಣಿ ಹೊಗೆ, ಇದರ ಮಧ್ಯೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಗೆಯನ್ನು ಬೈದುಕೋ.

ಮೊದಲು ಮುಖ್ಯ ವಿಷಯ. ಮಗು ಚೆನ್ನಾಗಿದ್ದಾಳೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದೇವೆ, ಜ್ವರ ಪೂರ್ತಿ ಬಿಟ್ಟಿದೆ. ಹಾಲು ಕುಡಿಯುವಾಗ ನಿನ್ನ ಹಾಗೇ ಹುಬ್ಬು ಗಂಟಿಕ್ಕುತ್ತಾಳೆ. ಡಾಕ್ಟರಮ್ಮ ನೋಡಿದ ತಕ್ಷಣ, "ಹೊಕ್ಕುಳು ನಂಜಾಗಿದೆ, ಏನ್ ಹಚ್ಚಿದ್ರಿ ಇದಕ್ಕೆ?" ಅಂತ ಕೇಳಿದರು. ಅತ್ತೆ ಗೋಡೆ ನೋಡಿದರು. ಹರಳೆಣ್ಣೆಗೆ ಅದೇನೋ ಬೂದಿ ಕಲೆಸಿ ಹಚ್ಚುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಮನೆಗೆ ಬಂದ ಮೇಲೆ ಆ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ನಿನಗೆ ಹೇಳಲೇಬೇಕು. ನೀನು ಎತ್ತಿಕೊಂಡದ್ದಕ್ಕೂ ಮಗುವಿನ ಜ್ವರಕ್ಕೂ ಯಾವ ಸಂಬಂಧವೂ ಇಲ್ಲ.

ಆ ದಿನ ನೆನೆದರೆ ನನಗೆ ನಿದ್ದೆ ಬರುವುದಿಲ್ಲ ವಾಣಿ. ನೀನು ಈ ಪೇಪರ್ ಕೆಲಸಕ್ಕೆ ಸೇರಿದಾಗಿನಿಂದ ಮನೆಯಲ್ಲಿ ಒಂದು ಕಟ್ಟಳೆ ಇದೆ. ಸಾವಿನ ಸುದ್ದಿಗೆ ಹೋಗಿ ಬಂದರೆ ಹಿತ್ತಲಿನಿಂದ ಬಚ್ಚಲಿಗೆ, ಸ್ನಾನ ಆದಮೇಲೆ ಮನೆಯೊಳಗೆ. ನೀನೂ ಒಂದು ದಿನ ತಪ್ಪಿಸಿದವಳಲ್ಲ. ನಿನ್ನ ಸ್ಕೂಟಿ ಸದ್ದು ಕೇಳಿದರೆ ಸಾಕು, ಅತ್ತೆ ಹಂಡೆ ಒಲೆಗೆ ಸೌದೆ ತುರುಕುತ್ತಿದ್ದರು. ಅವತ್ತು ಆ ಎರಡು ಮಕ್ಕಳು ಕೃಷಿ ಹೊಂಡಕ್ಕೆ ಬಿದ್ದು ಹೋದ ಸುದ್ದಿಗೆ ಹೋಗಿದ್ದವಳು ಚಪ್ಪಲಿಯನ್ನೂ ಬಿಡದೆ ನೇರ ನನ್ನ ಕೋಣೆಗೆ ಬಂದೆ. ಮಗುವನ್ನು ನನ್ನ ಮಗ್ಗುಲಿನಿಂದ ಎತ್ತಿಕೊಂಡೆ. ನಾನು "ಮುಟ್ಬೇಡ, ನನ್ ಮಗೂನ ಮುಟ್ಬೇಡ" ಅಂತ ಕಿರುಚಿ ಕಿತ್ತುಕೊಂಡೆ. ಬಚ್ಚಲಿನಿಂದ ಓಡಿಬಂದ ಅತ್ತೆ, "ಹೆಣ ನೋಡ್ಕೊಂಡ್ ಬಂದು ಹಸುಗೂಸು ಮುಟ್ತೀಯಲ್ಲ, ನಿನ್ಗೇನ್ ಬಂದದೆ ರೋಗ" ಅಂದರು. ಆ ರಾತ್ರಿ ಮಗುವಿಗೆ ಜ್ವರ ಬಂತು. ಮಾರನೇ ದಿನ ನೀನು ಬ್ಯಾಗ್ ತುಂಬಿಕೊಂಡು ಹೊರಟುಹೋದೆ.

ಹೆತ್ತು ಎರಡು ವಾರವಾಗಿತ್ತು, ತಲೆ ನನ್ನ ಹಿಡಿತದಲ್ಲಿರಲಿಲ್ಲ ಅಂತ ಹೇಳಬಹುದು. ಹೇಳುವುದಿಲ್ಲ. ತಪ್ಪಾಯಿತು.

ಮಾಘದಲ್ಲಿ ತೊಟ್ಟಿಲ ಶಾಸ್ತ್ರ ಇಟ್ಟುಕೊಳ್ಳೋಣ ಅಂತಿದ್ದಾರೆ. ಮಗುವಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ಇವಳಿಗೆ ಇರುವುದು ನೀನೊಬ್ಬಳೇ. ಅಲ್ಲಿಯವರೆಗೆ "ಪಾಪು" ಅಂತಲೇ ಕರೆಯುತ್ತಿದ್ದೇವೆ. ಬಾ.

ನಿನ್ನ ಅತ್ತಿಗೆ,
ಅರ್ಪಿತ


ನೆಲಮಂಗಲ
24 ನವೆಂಬರ್ 2024

ಅತ್ತಿಗೆಯವರಿಗೆ ವಾಣಿಶ್ರೀಯ ನಮಸ್ಕಾರಗಳು.

ನಿಮ್ಮ ಕಾಗದ ಕಚೇರಿಯ ಮೂಲಕ ತಲುಪಿತು. ಪಾಪುವಿಗೆ ಜ್ವರ ಬಿಟ್ಟಿದೆ ಎಂಬ ಸಾಲನ್ನೇ ಮತ್ತೆ ಮತ್ತೆ ಓದಿದೆ. ನೀವು ತಪ್ಪಾಯಿತು ಎಂದು ಬರೆಯಬಾರದಿತ್ತು. ತಾಯಿಯಾದವಳು ಮಾಡುವುದನ್ನೇ ನೀವು ಮಾಡಿದಿರಿ.

ನಾನು ಚೆನ್ನಾಗಿದ್ದೇನೆ. ದೇವನಹಳ್ಳಿ ಬೇಡ, ಇಲ್ಲಿಗೆ ಹಾಕಿ ಎಂದು ಕಚೇರಿಯಲ್ಲಿ ಕೇಳಿಕೊಂಡೆ, ಹಾಕಿದರು. ನೆಲಮಂಗಲ ಎಂದರೆ ಹೆದ್ದಾರಿ, ಗೋದಾಮು, ಲಾರಿ. ಇಲ್ಲಿ ಸಾಯುವವರು ಹೆಚ್ಚಾಗಿ ದೊಡ್ಡವರು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಅಮ್ಮಯಮ್ಮ ಎಂಬುವರ ಮನೆಯ ಮಹಡಿ ಮೇಲೆ ಒಂದು ರೂಮು. ಬೆಳಿಗ್ಗೆ ಎದ್ದು ಪೊಲೀಸ್ ಸ್ಟೇಷನ್ನುಗಳಿಗೆ ಫೋನ್ ಮಾಡುತ್ತೇನೆ. "ಏನಾದ್ರೂ ಇದೆಯಾ ಸಾರ್?" "ಒಂದಿದೆ ಬನ್ನಿ ಮೇಡಂ." ಆ ಒಂದು ಎಂದರೆ ಯಾರದೋ ಮನೆಯ ಒಬ್ಬರು. ಸಂಜೆಯೊಳಗೆ ಅವರು ಏಳೆಂಟು ಸಾಲಾಗುತ್ತಾರೆ. ಸ್ಥಳದಲ್ಲೇ ಸಾವು, ಮುಗಿಲು ಮುಟ್ಟಿದ ಆಕ್ರಂದನ, ಪ್ರಕರಣ ದಾಖಲು. ನನ್ನ ಕೈ ಈ ಪದಗಳನ್ನು ತಾನೇ ಹೊಡೆಯುತ್ತದೆ, ನಾನು ಪರದೆ ನೋಡುವುದೂ ಇಲ್ಲ.

ಇನ್ನೊಂದು ಪೇಪರಿನ ಭೀಮರಾಜ್ ಎಂಬ ವರದಿಗಾರ ಜೊತೆಗಿರುತ್ತಾನೆ. ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾನೆ. ಎಂಥ ಅಪಘಾತ ನೋಡಿ ಬಂದರೂ ಮೊದಲು ಬೋಂಡದ ಅಂಗಡಿ ಮುಂದೆ ಗಾಡಿ ನಿಲ್ಲಿಸುತ್ತಾನೆ. "ತಿನ್ನು ಗುರು, ಇಲ್ದಿದ್ರೆ ಅದು ಒಳಗೇ ಕೂತ್ಕಂಬುಡ್ತದೆ" ಎನ್ನುತ್ತಾನೆ. ಅವನು ಬೋಂಡ ತಿನ್ನುತ್ತಾನೆ, ನಾನು ರೂಮಿಗೆ ಬಂದು ಸ್ನಾನ ಮಾಡುತ್ತೇನೆ. ಅಮ್ಮನ ಕಟ್ಟಳೆಯನ್ನು ಈಗ ಒಂದಿಷ್ಟೂ ತಪ್ಪಿಸುವುದಿಲ್ಲ ಎಂದು ಅವರಿಗೆ ಹೇಳಿ. ಶಾಸಕರ ಪ್ರೆಸ್ ಮೀಟ್ ಮುಗಿಸಿ ಬಂದರೂ ಸ್ನಾನ ಮಾಡುತ್ತೇನೆ. ಮೊನ್ನೆ ಅಮ್ಮಯಮ್ಮ ಮೆಟ್ಟಿಲಲ್ಲಿ ತಡೆದು, "ಏನವ್ವಾ, ಸಂಪು ಬತ್ತೋಗ್ತಾ ಅದೆ, ನೀನೇನ್ ಮೀನಾ?" ಎಂದರು. ಬಾಡಿಗೆಯವಳು ಬಿಟ್ಟು ಹೋದಾಳೆಂಬ ಭಯಕ್ಕೆ ಆಮೇಲೆ ತಾವೇ ನಕ್ಕರು.

ಹೆಸರು ಕರೆಯಲು ನನ್ನನ್ನು ಕಾಯಬೇಡಿ. ಸೋದರತ್ತೆ ಇಲ್ಲದ ಮನೆಗಳಲ್ಲಿ ದೊಡ್ಡಮ್ಮ ಚಿಕ್ಕಮ್ಮ ಯಾರಾದರೂ ಕರೆಯುತ್ತಾರೆ. ದಿನವೂ ಸತ್ತವರ ಹೆಸರು ಕೇಳಿಕೊಂಡು ತಿರುಗುವ ಬಾಯಿಯಿಂದ ಪಾಪುವಿನ ಹೆಸರು ಬರುವುದು ಬೇಡ. ಇದನ್ನು ಕೋಪಕ್ಕೆ ಬರೆಯುತ್ತಿಲ್ಲ.

ಅಣ್ಣನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ,
ವಾಣಿಶ್ರೀ


ಆವತಿ
8 ಡಿಸೆಂಬರ್ 2024

ವಾಣಿ,

ನಿನ್ನ ಕಾಗದವನ್ನು ಪೋಸ್ಟಿನವರು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಮುಂದೆ ಹಾಕಿ, "ಓದು, ಏನ್ ಬರ್ದವ್ಳೆ ನೋಡನ" ಅಂತ ಬಾಗಿಲಿಗೆ ಒರಗಿ ಕೂತರು. ಬೋಂಡದ ವಿಷಯ ಓದಿದೆ, ಮೀನಿನ ವಿಷಯ ಓದಿದೆ. ಹೆಸರು ಕರೆಯುವುದಿಲ್ಲ ಅಂದದ್ದನ್ನು ನುಂಗಿಕೊಂಡು, "ರಜ ಸಿಕ್ಕಿದರೆ ಬರುತ್ತೇನೆ" ಅಂತ ಇಲ್ಲದ ಸಾಲೊಂದನ್ನು ನಾನೇ ಸೇರಿಸಿ ಓದಿದೆ. ಅತ್ತೆ ಎದ್ದು ಹೋಗುತ್ತಾ, "ಅವ್ಳು ಹಂಗ್ ಬರ್ದಿರಕ್ಕಿಲ್ಲ" ಅಂದರು. ಅಕ್ಷರ ಬಾರದವರ ಮುಂದೆ ಸುಳ್ಳು ಓದುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ನಿನಗೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಂಡರೂ ಸರಿ. ನೀನು ಬರೆದದ್ದು ಕಾಗದದ ಹಾಗಿರಲಿಲ್ಲ, ಪೇಪರ್ ಓದಿದ ಹಾಗಿತ್ತು. ಅಮ್ಮಯಮ್ಮ ಇದ್ದಾರೆ, ಭೀಮರಾಜ್ ಇದ್ದಾನೆ, ನೀನೆಲ್ಲಿ? ಊಟ ಮಾಡುತ್ತೀಯಾ? ನಿದ್ದೆ ಬರುತ್ತದಾ?

ಇನ್ನೊಂದು ವಿಷಯ. ಹೋದ ವಾರ ಒಬ್ಬ ಹೆಂಗಸು ಮನೆಗೆ ಬಂದಳು. ದೇವನಹಳ್ಳಿ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ನಿನ್ನ ಊರು ಯಾವುದು ಅಂತ ವಿಚಾರಿಸಿಕೊಂಡು ಬಂದಿದ್ದಳು. ಲಕ್ಕಮ್ಮ. ಹೊಂಡದಲ್ಲಿ ಹೋದವಲ್ಲ, ಆ ಮಕ್ಕಳ ತಾಯಿ.

ಅತ್ತೆ ಅವಳನ್ನು ಜಗುಲಿಯ ಮೇಲೆ ಕೂರಿಸಿದರು. ಬಾಣಂತಿ ಇರುವ ಮನೆ, ಒಳಗೆ ಕರೆಯಲಿಲ್ಲ. ಲಕ್ಕಮ್ಮ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಕೊಟ್ಟ ನೀರು ಕುಡಿದು, "ಆ ಪೇಪರ್ನೋರು ಅಕ್ಕ ಇಲ್ವಾ?" ಅಂದಳು. ಇಲ್ಲ, ನೆಲಮಂಗಲದಲ್ಲಿದ್ದಾಳೆ ಅಂದರು ಅತ್ತೆ. "ನನ್ ಚೈತ್ರನ್ನ ತೊಡೆ ಮೇಲ್ ಹಾಕ್ಕಂಡು ಆಸ್ಪತ್ರೆ ಗಂಟ ಬಂದಿದ್ದು ಆ ಅಕ್ಕನೇ. ದಾರೀಲಿ ನನ್ ಮಗ್ಳು ಏನಾದ್ರೂ ಅಂದ್ಲಾ, ಒಂದ್ಸಲನಾದ್ರೂ ಉಸಿರು ಬಿಟ್ಲಾ ಅಂತ ಕೇಳ್ಬೇಕಿತ್ತು" ಅಂದಳು.

ನಾನು ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದೆ. ನಮಗೆ ಗೊತ್ತಿದ್ದದ್ದು ನೀನು ಸುದ್ದಿಗೆ ಹೋಗಿದ್ದೆ ಅಂತ ಮಾತ್ರ. ಎಲ್ಲರಂತೆ ದೂರ ನಿಂತು ನೋಡಿ ಬರೆದುಕೊಂಡು ಬಂದೆ ಅಂದುಕೊಂಡಿದ್ದೆವು. ಮಾರನೇ ದಿನ ಎಲ್ಲ ಪೇಪರಲ್ಲೂ ಮಕ್ಕಳ ಫೋಟೋ ಇತ್ತು, ನಿಮ್ಮದರಲ್ಲಿ ಮಾತ್ರ ಇರಲಿಲ್ಲ. ಅದಕ್ಕೆ ನಿನ್ನನ್ನು ಆಫೀಸಿನಲ್ಲಿ ಬೈದರಂತೆ ಅಂತ ನಿಮ್ಮಣ್ಣ ಹೇಳಿದ್ದರು. ಆಗಲೂ ನಾವು ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ಅವತ್ತು ಏನಾಯಿತು?

ಅರ್ಪಿತ


ನೆಲಮಂಗಲ
27 ಡಿಸೆಂಬರ್ 2024

ಅತ್ತಿಗೆ,

ಈ ಕಾಗದವನ್ನು ಅಮ್ಮನಿಗೆ ಓದಬೇಡಿ. ಲಕ್ಕಮ್ಮನಿಗೆ ನನ್ನ ವಿಳಾಸ ಕೊಡಬೇಡಿ.

ನಾನು ಅಲ್ಲಿಗೆ ಹೋದದ್ದೇ ಫೋಟೋಗೆ. ಕಚೇರಿಯಲ್ಲಿ ನನಗೊಂದು ಹೆಸರಿದೆ. ಸಾವಿನ ಮನೆಗಳಲ್ಲಿ ಗಂಡಸು ವರದಿಗಾರರು ಅಂಗಳದಲ್ಲಿ ನಿಂತಿರುತ್ತಾರೆ, ನಾನು ಒಳಗೆ ಹೋಗಿ ಹೆಂಗಸರ ನಡುವೆ ಕೂರುತ್ತೇನೆ. ಅಳುವವರ ಬೆನ್ನು ಸವರುತ್ತೇನೆ, ನನಗೂ ಅಳು ಬರುತ್ತದೆ, ಅದೇನು ನಾಟಕವಲ್ಲ. ಸ್ವಲ್ಪ ಹೊತ್ತಿಗೆ ಯಾರಾದರೂ ಒಬ್ಬರು ಸ್ಕೂಲಿನ ಫೋಟೋ ತಂದು ನನ್ನ ಕೈಗಿಡುತ್ತಾರೆ. "ವಾಣಿಶ್ರೀ ಹೋದ್ರೆ ಫೋಟೋ ಗ್ಯಾರಂಟಿ" ಎನ್ನುತ್ತಾರೆ ಸುದ್ದಿ ತಿದ್ದುವ ಡೆಸ್ಕಿನಲ್ಲಿ. ನನಗೆ ಅದು ಹೆಮ್ಮೆಯ ಮಾತಾಗಿತ್ತು.

ಅವತ್ತು ನಾನು ಬೇಗ ತಲುಪಿಬಿಟ್ಟೆ. ಮಕ್ಕಳನ್ನು ಆಗತಾನೇ ಮೇಲೆ ತಂದಿದ್ದರು. ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ನೀವು ನೋಡಿದ್ದೀರಲ್ಲ, ನೀರು ಬಿದ್ದರೆ ಪಾಚಿಗಿಂತ ಜಾರುತ್ತದೆ. ಒಳಗೆ ಬಿದ್ದವರು ಹತ್ತಿ ಬರಲಾರರು. ತಮ್ಮ ಜಾರಿದ್ದಾನೆ, ಅಕ್ಕ ಅವನನ್ನು ಎಳೆಯಲು ಕೈ ಚಾಚಿ ತಾನೂ ಬಿದ್ದಿದ್ದಾಳೆ. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಟೊಮ್ಯಾಟೊ ಇಳಿಸಿ ವಾಪಸ್ ಹೋಗುತ್ತಿದ್ದ ಗೂಡ್ಸ್ ಆಟೋ ಒಂದನ್ನು ಯಾರೋ ನಿಲ್ಲಿಸಿದರು. ಲಕ್ಕಮ್ಮ ಮಗನನ್ನು ಎತ್ತಿಕೊಂಡಳು. ಮಗಳನ್ನು ನನ್ನ ಕೈಗೆ ಹಾಕಿದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಎದುರಿಗೆ ನಿಂತಿದ್ದೆ ಅಷ್ಟೆ. "ನೀನ್ ಹಿಡ್ಕೊ ಅಕ್ಕ, ಬೆಚ್ಚಗವ್ಳೆ, ಏನೂ ಆಗಿಲ್ಲ" ಎಂದಳು.

ಹೌದು, ಬೆಚ್ಚಗಿದ್ದಳು. ಲಕ್ಕಮ್ಮ ಮಗನೊಂದಿಗೆ ಮುಂದೆ ಕೂತಳು, ನಾನು ಆಟೋದ ಹಿಂದೆ ಕೂತು ಮಗಳನ್ನು ತೊಡೆ ಮೇಲೆ ಹಾಕಿಕೊಂಡೆ. ಒದ್ದೆ ಜಡೆ ನನ್ನ ತೋಳಿನ ಮೇಲೆ ಬಿದ್ದಿತ್ತು. ಜೇಬಿನಲ್ಲಿ ಫೋನ್ ದಾರಿಯುದ್ದಕ್ಕೂ ಅದುರುತ್ತಿತ್ತು, ಡೆಸ್ಕಿನವರು. ಆಸ್ಪತ್ರೆಯಲ್ಲಿ ನೋಡಿ, "ಆಗಲೇ ಬಹಳ ಹೊತ್ತಾಗಿದೆ" ಎಂದರು. ಆಗಲೇ ಎಂದರೆ ಯಾವಾಗ? ಹೊಂಡದಲ್ಲೋ, ನನ್ನ ತೊಡೆಯ ಮೇಲೋ? ಅವಳು ಬೆಚ್ಚಗಿದ್ದದ್ದು ಅವಳದೇ ಬಿಸಿಯಿಂದಲೋ, ನನ್ನ ಮೈಯ ಬಿಸಿಯಿಂದಲೋ? ನೀರಿನಲ್ಲಿ ಮುಳುಗಿದವರಿಗೆ ಮೊದಲು ಏನು ಮಾಡಬೇಕೆಂದು ಹೋದ ಬೇಸಿಗೆಯಲ್ಲಿ ನಾನೇ ಅರ್ಧ ಪುಟ ಬರೆದಿದ್ದೆ. ಎದೆ ಒತ್ತಬೇಕು, ಉಸಿರು ಕೊಡಬೇಕು. ಒಂದನ್ನೂ ಮಾಡಲಿಲ್ಲ ಅತ್ತಿಗೆ. ನಿದ್ದೆ ಹೋದ ಮಗುವನ್ನು ಹಿಡಿದುಕೊಳ್ಳುವ ಹಾಗೆ ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಲಕ್ಕಮ್ಮ ಕೇಳಲು ಬಂದಿರುವುದು ಇದನ್ನೇ. ನಾನೇನು ಹೇಳಲಿ?

ಮನೆಗೆ ಬಂದಾಗ ಅಮ್ಮ "ನೀರ್ ಕಾದದೆ ಬಾ" ಎಂದು ಕೂಗಿದ್ದು ಕೇಳಿಸಿತು. ಸ್ನಾನ ಮಾಡಿದರೆ ಆ ಬಿಸಿ ನನ್ನ ತೋಳಿನಿಂದ ತೊಳೆದುಹೋಗುತ್ತದೆ. ಅದಕ್ಕೆ ಮೊದಲು ಬದುಕಿರುವ ಮಗು ಎಷ್ಟು ಬೆಚ್ಚಗಿರುತ್ತದೆಂದು ಎತ್ತಿ ನೋಡಬೇಕಿತ್ತು. ಎರಡೂ ಒಂದೇನಾ ಎಂದು ತಿಳಿಯಬೇಕಿತ್ತು. ಅದಕ್ಕೇ ಪಾಪುವನ್ನು ಎತ್ತಿಕೊಂಡೆ. ಗೊತ್ತಾಗುವ ಮೊದಲೇ ನೀವು ಕಿತ್ತುಕೊಂಡಿರಿ. ಕಿತ್ತುಕೊಂಡದ್ದು ಸರಿ. ಇಂಥ ಲೆಕ್ಕಕ್ಕೆ ನಿಮ್ಮ ಮಗುವನ್ನು ಮುಟ್ಟಿದ ನನಗೆ ಅದರ ಕಿವಿಯಲ್ಲಿ ಹೆಸರು ಕರೆಯುವ ಹಕ್ಕು ಎಲ್ಲಿದೆ?

ಮೊನ್ನೆ ಹೆದ್ದಾರಿಯಲ್ಲಿ ಗಾರ್ಮೆಂಟ್ಸ್ ಹೆಂಗಸರ ವ್ಯಾನ್ ಮಗುಚಿತು. ಊಟದ ಡಬ್ಬಿಗಳು ರಸ್ತೆ ತುಂಬ ಬಿದ್ದಿದ್ದವು. ಹೆಸರು ಬರೆದುಕೊಳ್ಳಬೇಕೆಂದು ಪೆನ್ನು ತೆಗೆದೆ, ಕೈ ಏಳಲಿಲ್ಲ. ಭೀಮರಾಜ್ ತನ್ನ ಸುದ್ದಿಯನ್ನೇ ನನಗೂ ಕಳಿಸಿದ. ಅವತ್ತು ಅವನೂ ಬೋಂಡದಂಗಡಿ ಮುಂದೆ ಗಾಡಿ ನಿಲ್ಲಿಸಲಿಲ್ಲ.

ವಾಣಿ


ಆವತಿ
19 ಜನವರಿ 2025

ನನ್ನ ವಾಣಿಗೆ,

ಬೈಯುವುದಾದರೆ ಬೈ. ಅತ್ತೆಗೆ ಓದಿಬಿಟ್ಟೆ. ಈ ಸಲ ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ನೀನು ಓದಬೇಡಿ ಅಂದದ್ದನ್ನೂ ಓದಿದೆ.

ಅತ್ತೆ ಎದ್ದು ಬಚ್ಚಲಿಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಹಂಡೆ ಒಲೆಯ ಮುಂದೆ ಕೂತಿದ್ದಾರೆ, ಒಲೆಯಲ್ಲಿ ಬೆಂಕಿ ಇಲ್ಲ. "ಅವತ್ತು ಅವ್ಳ ಮೈಯೆಲ್ಲ ನೆಂದಿತ್ತು ಕಣೆ. ಸುಡೋ ಬಿಸ್ಲು, ಎಲ್ ನೆಂದ್ಲು ಅಂತ ಒಂದ್ ಮಾತು ಕೇಳ್ಲಿಲ್ಲ ನಾನು. ನೀರ್ ಕಾದದೆ ಬಾ, ನೀರ್ ಕಾದದೆ ಬಾ ಅಂತ ಕೂಗ್ತಾನೇ ಇದ್ದೆ" ಅಂದರು. ಆಮೇಲೆ, "ಹೊಕ್ಳಿಗೆ ಎಣ್ಣೆ ಹಚ್ಚಿದ್ದೂ ನಾನೇ. ಅದ್ನೂ ಬರಿ" ಅಂದರು. ಬರೆದಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ಲಕ್ಕಮ್ಮ ಮತ್ತೆ ಬಂದಳು. ಈ ಸಲ ಅತ್ತೆ ಅವಳನ್ನು ಒಳಗೆ ಕರೆದು ನಡುಮನೆಯಲ್ಲಿ ಕೂರಿಸಿ ರೊಟ್ಟಿ ಹಾಕಿದರು. ನೀನು ಹೇಳಬೇಡ ಅಂದದ್ದು ವಿಳಾಸ, ಅದನ್ನು ಹೇಳಲಿಲ್ಲ. ಉಳಿದದ್ದನ್ನೆಲ್ಲ ಹೇಳಿಬಿಟ್ಟೆ ವಾಣಿ. ನೀನು ಇಷ್ಟು ತಿಂಗಳಿಂದ ಆ ಬಿಸಿಯ ವಿಷಯವನ್ನೇ ಯೋಚಿಸುತ್ತಿದ್ದೀಯ ಅಂತ ಹೇಳಿದೆ.

ಅವಳು ರೊಟ್ಟಿ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ಅಯ್ಯೋ ಅಕ್ಕ, ನನ್ಗೆ ಮೇಲ್ ಎತ್ತಿದಾಗ್ಲೇ ಗೊತ್ತಿತ್ತು. ಇಬ್ರೂ ಹೋಗ್ಬಿಟ್ಟಿದ್ರು. ಬೆಚ್ಚಗವ್ಳೆ ಅಂತ ನಾನೇ ಅಂದಿದ್ದು. ಆಟೋದವ್ನು ತರಕಾರಿ ಗಾಡಿ ಅಂತ ಹಿಂದೇಟು ಹಾಕ್ತಿದ್ದ. ಹೆಣ ಅಂದಿದ್ರೆ ಹತ್ತಿಸ್ಕೊತಿರ್ಲಿಲ್ಲ. ನನ್ ಮಕ್ಳು ಆ ದಿಬ್ಬದ್ ಮೇಲೆ ಜನದ್ ಮಧ್ಯ ಮಲ್ಗಿರ್ಬಾರ್ದು ಅಂತ ಹಂಗಂದೆ" ಅಂದಳು. ಹಾಗಿದ್ದರೆ ಉಸಿರು ಬಿಟ್ಟಳಾ ಅಂತ ಯಾಕೆ ಕೇಳಿದೆ ಅಂದೆ. "ಗೊತ್ತಿದ್ರೂ ಕೇಳ್ಬೇಕು ಅನ್ಸತ್ತಲ್ಲಕ್ಕ" ಅಂದಳು. ಹೋಗುವಾಗ, "ಗಾಡಿ ಕುಲುಕಾಡ್ದಾಗೆಲ್ಲ ಆ ಅಕ್ಕ ನನ್ ಮಗ್ಳ ತಲೆ ತಾಗ್ದಂಗೆ ಕೈ ಅಡ್ಡ ಇಟ್ಕಂಡಿದ್ರು. ಮುಂದಿಂದ ತಿರುಗ್ ತಿರುಗಿ ನಾನ್ ನೋಡ್ದೆ" ಅಂದಳು.

ಕೇಳಿದೆಯಾ? ನಿನ್ನ ತೊಡೆಯ ಮೇಲೆ ಏನೂ ಆಗಲಿಲ್ಲ. ಇನ್ನಾದರೂ ಆ ಸಂಪಿಗೆ ಸ್ವಲ್ಪ ಬಿಡುವು ಕೊಡು, ಅಮ್ಮಯಮ್ಮನ ಶಾಪ ತಟ್ಟೀತು.

ಫೆಬ್ರವರಿ ಹದಿನಾರು, ಭಾನುವಾರ ತೊಟ್ಟಿಲ ಶಾಸ್ತ್ರ. ನೀನು ಬಂದರೆ ಹೆಸರು, ಇಲ್ಲದಿದ್ದರೆ ಪಾಪು ಪಾಪುವೇ ಅಂತ ನಿಮ್ಮಮ್ಮ ಊರಿಗೆಲ್ಲ ಹೇಳಿಬಿಟ್ಟಿದ್ದಾರೆ.

ನಿನ್ನ ದಾರಿ ನೋಡುವ,
ಅರ್ಪಿತ


ನೆಲಮಂಗಲ
3 ಫೆಬ್ರವರಿ 2025

ಅತ್ತಿಗೆಯವರಿಗೆ,

ಕಾಗದ ಓದಿದೆ. ನಿಮಗೆ ಹೇಳಿದ್ದು ನಿಮಗೆ ಮಾತ್ರ ಎಂದುಕೊಂಡಿದ್ದೆ. ಇರಲಿ.

ಲಕ್ಕಮ್ಮ ಹೇಳಿದ್ದು ನಿಜವಲ್ಲ. ನಾನು ಒದ್ದಾಡುತ್ತಿದ್ದೇನೆ ಎಂದು ನೀವು ಹೇಳಿದ ಮೇಲೆ ಅವಳು ಅದನ್ನು ಹೇಳಿದ್ದಾಳೆ. ಸಾವಿನ ಮನೆಗಳಲ್ಲಿ ಕೂತು ಕೂತು ನನಗೆ ಇದು ತಿಳಿಯುತ್ತದೆ. ಮಕ್ಕಳನ್ನು ಕಳೆದುಕೊಂಡವಳು ನನಗೆ ಸಮಾಧಾನ ಹೇಳುವಂತಾಯಿತಲ್ಲ. ಇದಕ್ಕಿಂತ ಕೆಳಗೆ ಇಳಿಯಲು ನನಗೆ ಜಾಗವಿಲ್ಲ.

ಕೆಲಸ ಬಿಟ್ಟಿದ್ದೇನೆ. ಸ್ಕೂಟಿಯನ್ನು ಭೀಮರಾಜ್‌ಗೆ ಕೊಟ್ಟಿದ್ದೇನೆ, ನನಗಿನ್ನು ಅದರ ಅಗತ್ಯವಿಲ್ಲ. ನನ್ನ ಕಿವಿಯೋಲೆ ಅಮ್ಮನ ಪೆಟ್ಟಿಗೆಯಲ್ಲಿದೆ, ಪಾಪುವಿಗೆ ಹಾಕಿ. ಹೆಸರು ನೀವೇ ಆರಿಸಿ, ಅಮ್ಮನೇ ಕರೆಯಲಿ. ಅಮ್ಮನ ಮೇಲೆ ನನಗೆ ಯಾವ ಕೋಪವೂ ಇಲ್ಲ, ಇದನ್ನು ತಪ್ಪದೆ ಓದಿ ಹೇಳಿ.

ಎಷ್ಟು ತೊಳೆದರೂ ತೋಳಿನ ಮೇಲೆ ಜಡೆ ಇದೆ. ಸಾಕಾಗಿದೆ ಅತ್ತಿಗೆ.

ವಾಣಿಶ್ರೀ


ನೆಲಮಂಗಲ, ನಿನ್ನ ಬಾಗಿಲ ಹೊರಗೆ
7 ಫೆಬ್ರವರಿ 2025

ವಾಣಿ,

ನಾವು ಇಲ್ಲೇ ಇದ್ದೇವೆ. ನಾನು, ಅತ್ತೆ, ಪಾಪು. ಬಾಗಿಲು ಬಡಿದೆವು, ಕೂಗಿದೆವು, ನೀನು ಓಗೊಡಲಿಲ್ಲ. ಬಾಯಿಗೆ ಉತ್ತರ ಕೊಡದಿದ್ದರೂ ಕಾಗದಕ್ಕೆ ಇಷ್ಟು ದಿನ ಕೊಟ್ಟಿದ್ದೀಯ, ಅದಕ್ಕೇ ಬರೆದು ಬಾಗಿಲ ಸಂದಿನಲ್ಲಿ ತೂರಿಸುತ್ತಿದ್ದೇನೆ. ಹಾಳೆ ಅಮ್ಮಯಮ್ಮನವರ ಹಳೇ ಕ್ಯಾಲೆಂಡರಿನದು, ಪೆನ್ನೂ ಅವರದೇ. ಅವರು ಮೆಟ್ಟಿಲಲ್ಲಿ ನಿಂತು ಅಳುತ್ತಿದ್ದಾರೆ. ನೀನು ಮೊನ್ನೆಯಿಂದ ಕೆಳಗೆ ಇಳಿದಿಲ್ಲವಂತೆ.

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಓದಿ ಮುಗಿಸುವ ಮೊದಲೇ ಅತ್ತೆ ಎದ್ದರು. ನಿಮ್ಮಣ್ಣ ಡ್ಯೂಟಿಯಲ್ಲಿದ್ದರು, ಕಾಯಲಿಲ್ಲ. "ಮಗೀನ ಎತ್ಕೊ, ನಡಿ" ಅಂದರು. ಬಾಣಂತಿ ಹೊಸಿಲು ದಾಟಬಾರದು, ಕೂಸಿಗೆ ಗಾಳಿ ಸೋಕಬಾರದು ಅಂತ ಇಷ್ಟು ದಿನ ನನ್ನ ಜೀವ ತಿಂದವರು, ದೊಡ್ಡಬಳ್ಳಾಪುರದಲ್ಲಿ ಬಸ್ ಬದಲಾಯಿಸಿ, ನೂಕುನುಗ್ಗಲಲ್ಲಿ ಯಾರ ಯಾರ ಮೈಗೋ ತಗುಲಿಕೊಂಡು ನಿಂತು ಬಂದರು. ಇಲ್ಲಿ ಬಂದು ಬಾಗಿಲಿಗೆ ಕಿವಿ ಇಟ್ಟಾಗ ಒಳಗೆ ನೀರು ಬೀಳುವ ಸದ್ದು ಕೇಳಿಸಿತು, ನೀನು ಅತ್ತಿತ್ತ ಓಡಾಡಿದ್ದೂ ಕೇಳಿಸಿತು. ಆಗ ಅತ್ತೆ ಬಾಗಿಲ ಮುಂದೆಯೇ ಕೂತರು. ನಾನೂ ಕೂತೆ.

ನನ್ನ ತಪ್ಪು. ನೀನು ನನ್ನೊಬ್ಬಳಿಗೆ ಹೇಳಿದ್ದನ್ನು ಎಲ್ಲರ ಮುಂದೆ ಹರಡಿದೆ. ಒಳ್ಳೆಯದಾಗುತ್ತದೆ ಅಂದುಕೊಂಡೆ. ಲಕ್ಕಮ್ಮ ನಿಜ ಹೇಳಿದಳೋ ಸುಳ್ಳು ಹೇಳಿದಳೋ ನನಗೆ ಗೊತ್ತಿಲ್ಲ ವಾಣಿ. ನಿನಗೂ ಗೊತ್ತಾಗುವುದಿಲ್ಲ. ಗೊತ್ತಾಗದೆಯೇ ಇರಬೇಕಾಗುತ್ತದೆ, ಆದರೆ ಒಬ್ಬಳೇ ಇರಬೇಡ. ಡಾಕ್ಟರ ಹತ್ತಿರ ಹೋಗೋಣ, ನಾನು ಜೊತೆಗೆ ಬರುತ್ತೇನೆ. ಪೇಪರ್ ಬೇಡವಾದರೆ ಬೇಡ. ಅವತ್ತು ಪಾಪುವನ್ನು ನಿನ್ನ ಕೈಯಿಂದ ಕಿತ್ತುಕೊಂಡೆನಲ್ಲ, ಈಗ ನಾನೇ ತಂದಿದ್ದೇನೆ. ಎಷ್ಟು ಹೊತ್ತು ಬೇಕಾದರೂ ಎತ್ತಿಕೊಂಡಿರು.

ಇನ್ನು ಅತ್ತೆ ಹೇಳುತ್ತಿದ್ದಾರೆ, ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ವಾಣಿ, ನಾನು ನಿಮ್ಮವ್ವ. ನೀರ್ ನಿಲ್ಸು ಮಗ. ಸಾಕು, ತೊಳ್ದಿದ್ದು ಸಾಕು. ಯಾವ್ ಹೆಣ ಮುಟ್ಟಿದ್ರೂ ಸರಿ, ಎಲ್ಲಿಂದ ಬಂದಿದ್ರೂ ಸರಿ, ನೀನು ಹೆಂಗಿದೀಯೋ ಹಂಗೇ ಬಂದು ಬಾಗ್ಲು ತೆಗಿ. ತೊಟ್ಲು ಶಾಸ್ತ್ರ ಆವತೀಲೇ ಆಗ್ಬೇಕು ಅಂತೇನಿಲ್ಲ, ಇಲ್ಲೇ ಕರಿ ಹೆಸ್ರು, ಈ ಮೆಟ್ಲ್ ಮೇಲೆ. ನೀನ್ ತೆಗಿಯೋ ಗಂಟ ನಾನ್ ಏಳಕ್ಕಿಲ್ಲ. ಕೂಸು ಅಳ್ತಾ ಅದೆ, ಕೇಳಿಸ್ತದಾ?"

ನಿಮ್ಮವ್ವ ಪಿಳ್ಳಮ್ಮ
ಅರ್ಪಿತ


(ಅದೇ ಹಾಳೆಯ ಕೆಳಗೆ)

ಕೇಳಿಸ್ತಿದೆ ಅಮ್ಮ. ಕೈ ಒದ್ದೆ ಇದೆ. ಒರೆಸಿಕೊಂಡು ತೆಗೆಯುತ್ತೇನೆ, ಇರಿ.

ವಾಣಿ